ವರ್ಕಿಂಗ್ ಮೆಮೊರಿ ಮತ್ತು ಬುದ್ಧಿಶಕ್ತಿ ಒಂದೆಯೇ?

ಪ್ರಶ್ನೆ

ವರ್ಕಿಂಗ್ ಮೆಮೊರಿ, ಅಂದರೆ ಕೆಲಸದ ನಡುವೆ ಮಾಹಿತಿಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಯ ಪರೀಕ್ಷೆಗಳಲ್ಲಿ ಮುಂದಿರುವವರು ತಾರ್ಕಿಕ ಸಮಸ್ಯೆಗಳನ್ನು ಬಿಡಿಸುವುದರಲ್ಲೂ ಮುಂದಿರುತ್ತಾರೆ ಎಂದು ಓದಿದ್ದೇನೆ. ಕೆಲವು ಸಂಶೋಧಕರು ಇವೆರಡೂ ಬಹುತೇಕ ಒಂದೇ ಎನ್ನುವವರೆಗೆ ಹೋದರೆ, ಇನ್ನು ಕೆಲವರು ಸಂಬಂಧ ಸಾಧಾರಣ ಮಟ್ಟದ್ದು ಎನ್ನುತ್ತಾರೆ. ಒಂದೇ ವಿಷಯದಲ್ಲಿ ಇಷ್ಟು ಅಂತರ ಏಕೆ? ಅದಕ್ಕಿಂತ ಮುಖ್ಯವಾಗಿ, ಕೆಲವು ಅಕ್ಷರಗಳನ್ನು ನೆನಪಿಟ್ಟುಕೊಳ್ಳುವುದಕ್ಕೂ ಹಿಂದೆಂದೂ ಕಾಣದ ಸಮಸ್ಯೆಯನ್ನು ಬಿಡಿಸುವುದಕ್ಕೂ ಏನು ನಂಟು?

ಉತ್ತರ 1

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. 1974ರಲ್ಲಿ ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ಹಿಚ್ ಮುಂದಿಟ್ಟ ಮಾದರಿಯಲ್ಲಿ ವರ್ಕಿಂಗ್ ಮೆಮೊರಿ ಎಂಬುದು ಬರೀ ಉಗ್ರಾಣವಲ್ಲ; ಮಾಹಿತಿಯನ್ನು ಹಿಡಿದಿಟ್ಟುಕೊಂಡೇ ಅದರ ಮೇಲೆ ಕೆಲಸ ನಡೆಸುವ ವ್ಯವಸ್ಥೆ. ಅದನ್ನು ಅಳೆಯುವ ಪರೀಕ್ಷೆಗಳೂ ಹಾಗೆಯೇ ಇವೆ. ಪರದೆಯ ಮೇಲೆ ‘8 ಭಾಗಿಸು 2, ಕೂಡಿಸು 1, ಉತ್ತರ 6’ ಎಂದು ಬರುತ್ತದೆ. ಸರಿಯೋ ತಪ್ಪೋ ಎಂದು ನೀವು ಹೇಳಬೇಕು. ಕೂಡಲೇ ಒಂದು ಅಕ್ಷರ ಕಾಣಿಸುತ್ತದೆ, ಅದರ ಬೆನ್ನಿಗೇ ಮತ್ತೊಂದು ಲೆಕ್ಕ, ಮತ್ತೊಂದು ಅಕ್ಷರ. ಹೀಗೆ ಕೆಲವು ಸುತ್ತು ನಡೆದ ಮೇಲೆ ಎಲ್ಲ ಅಕ್ಷರಗಳನ್ನೂ ಅದೇ ಕ್ರಮದಲ್ಲಿ ಒಪ್ಪಿಸಬೇಕು. ಪ್ರತಿಯೊಂದು ಲೆಕ್ಕವೂ ಗಮನವನ್ನು ಅಕ್ಷರಗಳಿಂದ ಸೆಳೆದುಕೊಳ್ಳುವುದರಿಂದ, ಇಲ್ಲಿ ಅಳತೆಗೆ ಸಿಗುವುದು ನೆನಪಿನ ಗಾತ್ರಕ್ಕಿಂತ ಹೆಚ್ಚಾಗಿ ಗಮನದ ಮೇಲಿನ ಹಿಡಿತ ಎಂಬುದು ಮನೋವಿಜ್ಞಾನಿ ಎಂಗಲ್ ಮತ್ತು ಅವರ ಸಹೋದ್ಯೋಗಿಗಳ ವಾದ.

ಈ ವಾದಕ್ಕೆ ನನಗೆ ಅತ್ಯಂತ ಮನದಟ್ಟಾದ ಆಧಾರ 2001ರಲ್ಲಿ ಕಾನ್ವೇ, ಕೋವನ್ ಮತ್ತು ಬಂಟಿಂಗ್ ಪ್ರಕಟಿಸಿದ ಪ್ರಯೋಗ. ಒಂದು ಕಿವಿಯಲ್ಲಿ ಕೇಳುವ ಪದಗಳನ್ನು ಗಟ್ಟಿಯಾಗಿ ಹೇಳುತ್ತಾ ಹೋಗಬೇಕು, ಇನ್ನೊಂದು ಕಿವಿಗೆ ಬೀಳುವುದನ್ನು ಕಡೆಗಣಿಸಬೇಕು. ಆ ಕಡೆಗಣಿಸಬೇಕಾದ ಕಿವಿಯಲ್ಲಿ ಪ್ರಯೋಗದಲ್ಲಿ ಭಾಗವಹಿಸಿದವರ ಹೆಸರನ್ನೇ ನಡುವೆ ಉಚ್ಚರಿಸಿದಾಗ, ವರ್ಕಿಂಗ್ ಮೆಮೊರಿ ಸಾಮರ್ಥ್ಯ ಕಡಿಮೆ ಇದ್ದವರಲ್ಲಿ ಶೇ. 65ರಷ್ಟು ಜನ ಅದನ್ನು ಗಮನಿಸಿದರು. ಹೆಚ್ಚು ಇದ್ದವರಲ್ಲಿ ಶೇ. 20ರಷ್ಟು ಮಾತ್ರ. ಅಂದರೆ ಹೆಚ್ಚಿನ ಸಾಮರ್ಥ್ಯವುಳ್ಳವರು ಬೇಡದ್ದನ್ನು ಹೊರಗಿಡುವುದರಲ್ಲಿ ಗಟ್ಟಿಗರು. ಕಠಿಣ ಸಮಸ್ಯೆಯೊಂದರ ಮಧ್ಯಂತರ ಫಲಿತಾಂಶಗಳು ಕೈಜಾರದಂತೆ ನೋಡಿಕೊಳ್ಳಲು ಬೇಕಾದದ್ದೂ ಇದೇ ತಾನೆ.

ಉತ್ತರ 2

ಅಂಕಿಗಳ ಅಂತರ ಬಹುಮಟ್ಟಿಗೆ ಲೆಕ್ಕದ ವಿಧಾನದಿಂದ ಬಂದದ್ದು. 1990ರಲ್ಲಿ ಕಿಲೋನೆನ್ ಮತ್ತು ಕ್ರಿಸ್ಟಲ್ ತಾರ್ಕಿಕ ಸಾಮರ್ಥ್ಯಕ್ಕೂ ವರ್ಕಿಂಗ್ ಮೆಮೊರಿಗೂ 0.8ರಿಂದ 0.9ರವರೆಗಿನ ಸಹಸಂಬಂಧವನ್ನು ಕಂಡರು; ಈ ಅಳತೆಯಲ್ಲಿ 0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ಣ ಹೊಂದಿಕೆ. (ಎರಡೂ ಒಂದೆಯೇ ಎಂದು ಕೇಳುವ ತಮ್ಮ ಲೇಖನದ ಶೀರ್ಷಿಕೆಗೆ ಪ್ರಶ್ನಾರ್ಥಕ ಚಿಹ್ನೆಯ ಪಕ್ಕದಲ್ಲೇ ಆಶ್ಚರ್ಯಸೂಚಕವನ್ನೂ ಅವರು ಇಟ್ಟಿದ್ದರು, ಮುಂದಿನವರು ಆ ಅನುಮಾನವನ್ನು ಮರೆತು ಉತ್ಸಾಹವನ್ನಷ್ಟೇ ಎತ್ತಿಕೊಂಡರು.) 2005ರಲ್ಲಿ ಆಕರ್ಮನ್, ಬೈಯರ್ ಮತ್ತು ಬಾಯ್ಲ್ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸರಾಸರಿ 0.48ರ ಆಸುಪಾಸಿಗೆ ಇಳಿಯಿತು. ಅದೇ ವರ್ಷ ಅವರಿಗೆ ಉತ್ತರ ಕೊಟ್ಟ ಕೇನ್ ತಂಡ 0.72 ಎಂದಿತು, ಓಬರಾವರ್ ತಂಡ 0.85 ಎಂದಿತು.

ಆಕರ್ಮನ್ ತಂಡ ಜೋಡಿಸಿ ನೋಡಿದ್ದು ಬಿಡಿಬಿಡಿ ಪರೀಕ್ಷೆಗಳ ಅಂಕಗಳನ್ನು. ಪ್ರತಿ ಪರೀಕ್ಷೆಯಲ್ಲೂ ಅದಕ್ಕಷ್ಟೇ ಸೀಮಿತವಾದ ಅಂಶಗಳು ಸೇರಿಕೊಂಡಿರುತ್ತವೆ: ಒಂದರಲ್ಲಿ ಗಣಿತದ ಅಭ್ಯಾಸ, ಇನ್ನೊಂದರಲ್ಲಿ ಓದಿನ ವೇಗ. ಉಳಿದೆರಡು ತಂಡಗಳು ಹಲವು ಪರೀಕ್ಷೆಗಳಿಗೆ ಸಮಾನವಾದ ಅಂಶವನ್ನಷ್ಟೇ ಬೇರ್ಪಡಿಸಿ ಹೋಲಿಸಿದ್ದರಿಂದ ಸಂಬಂಧ ಬಲವಾಗಿ ಕಂಡಿತು. ನನ್ನ ಮಟ್ಟಿಗೆ ಈ ಎರಡನೆಯ ವಿಧಾನವೇ ಸರಿ. ಹಾಗಿದ್ದೂ, ಜನರ ನಡುವಿನ ವ್ಯತ್ಯಾಸದಲ್ಲಿ ಎರಡಕ್ಕೂ ಸಮಾನವಾದ ಪಾಲು ತಿಳಿಯಲು 0.72ನ್ನು ವರ್ಗ ಮಾಡಿದರೆ ಸಿಗುವುದು ಸುಮಾರು ಅರ್ಧ. ಇನ್ನರ್ಧಕ್ಕೆ ಬೇರೆ ಕಾರಣ ಹುಡುಕಬೇಕಾದಾಗ ಎರಡೂ ಒಂದೇ ಎನ್ನಲಾಗದು.

ಪ್ರಶ್ನೆ ಕೇಳಿದವರು

ವಿವರಣೆಗಾಗಿ ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅಭ್ಯಾಸದಿಂದ ವರ್ಕಿಂಗ್ ಮೆಮೊರಿಯನ್ನು ಹಿಗ್ಗಿಸಿದರೆ ಬುದ್ಧಿಶಕ್ತಿಯೂ ಏರಬೇಕಲ್ಲವೇ?

ಉತ್ತರ 3

2008ರಲ್ಲಿ ಜೇಗಿ ತಂಡ ಹಾಗೆಯೇ ಹೇಳಿತ್ತು: ಎನ್-ಬ್ಯಾಕ್ ಎಂಬ ಅಭ್ಯಾಸವನ್ನು (ಈಗ ಕಂಡದ್ದು ಇಂತಿಷ್ಟು ಹೆಜ್ಜೆ ಹಿಂದೆ ಬಂದದ್ದೇ ಎಂದು ಪ್ರತಿ ಬಾರಿಯೂ ಗುರುತಿಸುವುದು) ಹೆಚ್ಚು ದಿನ ಮಾಡಿದಷ್ಟೂ ತಾರ್ಕಿಕ ಪರೀಕ್ಷೆಯ ಅಂಕ ಏರಿತು ಎಂದು. ಆದರೆ ಆ ಅಧ್ಯಯನದಲ್ಲಿ ಹೋಲಿಕೆಗೆಂದು ಇಟ್ಟ ಗುಂಪಿನವರಿಗೆ ಬೇರೆ ಯಾವ ಅಭ್ಯಾಸವನ್ನೂ ಕೊಟ್ಟಿರಲಿಲ್ಲ. 2013ರಲ್ಲಿ ರೆಡಿಕ್ ತಂಡ ಹೋಲಿಕೆಗೆಂದು ಮತ್ತೊಂದು ಗುಂಪಿಗೆ ಬೇರೆಯದೇ ಅಭ್ಯಾಸ ಕೊಟ್ಟು, ಹಲವು ಬಗೆಯ ಪರೀಕ್ಷೆಗಳಿಂದ ಅಳೆದಾಗ, ಎನ್-ಬ್ಯಾಕ್‌ನಲ್ಲಿ ಪರಿಣತಿ ಬಂದಿತ್ತೇ ಹೊರತು ಬುದ್ಧಿಶಕ್ತಿಯಲ್ಲಿ ಏರಿಕೆ ಕಾಣಲಿಲ್ಲ.

ಒಂದರಲ್ಲಿ ಮಾಡಿದ ಅಭ್ಯಾಸದ ಫಲ ಇನ್ನೊಂದಕ್ಕೆ ಹರಿಯದು ಎಂಬುದರ ಸುಳಿವು 1980ರಲ್ಲೇ ಸಿಕ್ಕಿತ್ತು. ಎರಿಕ್ಸನ್, ಚೇಸ್ ಮತ್ತು ಫಲೂನ್ ವರದಿ ಮಾಡಿದ ವಿದ್ಯಾರ್ಥಿಯೊಬ್ಬ ದೀರ್ಘ ಅಭ್ಯಾಸದಿಂದ 7 ಅಂಕಿಗಳಿಂದ 79 ಅಂಕಿಗಳವರೆಗೆ ನೆನಪಿಟ್ಟುಕೊಳ್ಳುವಂತಾದ. ಓಟಗಾರನಾಗಿದ್ದ ಆತ ಅಂಕಿಗಳ ಗುಂಪುಗಳನ್ನು ಓಟದ ಸಮಯಗಳಾಗಿ ಅರ್ಥೈಸಿಕೊಳ್ಳುತ್ತಿದ್ದ. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟೊಡನೆ ಆತನ ಮಿತಿ ಮತ್ತೆ ಆರರ ಸುತ್ತಮುತ್ತಲಿಗೇ ಬಂದು ನಿಂತಿತು.