ಸೌಮ್ಯಾ, ಮೊದಲು ಬೆಟ್ಟ, ಆಮೇಲೆ ವೈನ್

ಸೌಮ್ಯಾ, ಗುಂಪಿನಲ್ಲಿ ನೀನು ಕೇಳಿದ್ದನ್ನು ಈಗಷ್ಟೇ ನೋಡಿದೆ. ಮಂಗಳೂರಿನ ನಿಮ್ಮ ಕಚೇರಿಯ ಎಂಟು ಜನ ಅಕ್ಟೋಬರಿನಲ್ಲಿ ಎರಡು ದಿನದ ಮಟ್ಟಿಗೆ ಬರುತ್ತಾರೆ, ಬೆಟ್ಟ ಹತ್ತಬೇಕು, ರಾಫ್ಟಿಂಗ್ ಮಾಡಬೇಕು, ಕೊಡಗಿನ ದ್ರಾಕ್ಷಿ ತೋಟ ನೋಡಿ ವೈನ್ ಕುಡಿಯಬೇಕು ಎಂದು ಬರೆದಿದ್ದೀಯ. ಉತ್ತರ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಕೇಳಿಸಿಕೋ.

ದ್ರಾಕ್ಷಿ ತೋಟದ ಆಸೆಯನ್ನು ಈಗಲೇ ಬಿಡಿಸಿಬಿಡು ಮಗಳೇ. ಇಷ್ಟು ಮಳೆ ಹೊಯ್ಯುವ ಊರಿನಲ್ಲಿ ಮರಕ್ಕೆ ಹಬ್ಬುವುದು ಕಾಳುಮೆಣಸಿನ ಬಳ್ಳಿ, ದ್ರಾಕ್ಷಿಯಲ್ಲ. ಬಳ್ಳಿಯ ಸಾಲು, ವೈನ್ ಮಾಡುವ ಕಾರ್ಖಾನೆ ಎಲ್ಲ ನೋಡಬೇಕೆಂದರೆ ಅವರು ನಂದಿ ಬೆಟ್ಟದ ಕಡೆ, ದೊಡ್ಡಬಳ್ಳಾಪುರಕ್ಕೆ ಹೋಗಬೇಕು. ನಮ್ಮದು ಮನೆಯ ಭರಣಿಯ ವೈನ್. ದ್ರಾಕ್ಷಿ ಸಂತೆಯಿಂದ ಬರುತ್ತದೆ. ಪ್ಯಾಶನ್ ಫ್ರೂಟ್, ನೆಲ್ಲಿಕಾಯಿ, ಶುಂಠಿ ನಮ್ಮ ಹಿತ್ತಲಿನವು.

ಶನಿವಾರ ತಡಿಯಂಡಮೋಳ್. ಕೊಡಗಿನ ಅತಿ ಎತ್ತರದ ಶಿಖರ ಅದೇ, 1748 ಮೀಟರ್. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸು, ಬಂದ ಮೇಲೆ ನೋಡೋಣ ಎಂದರೆ ಆಗುವುದಿಲ್ಲ. ಹತ್ತುವ ಮೊದಲು ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆಯನ್ನು ಅರ್ಧ ಗಂಟೆ ನೋಡಲಿ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಬಂದು ಸೇರಿಕೊಂಡದ್ದು ಅಲ್ಲಿಗೇ. ಆ ಮರದ ಕಂಬಗಳ ನಡುವೆ ನಿಂತು ಸುತ್ತಲಿನ ಕಾಡನ್ನು ನೋಡಿದರೆ ಯಾಕೆ ಅಲ್ಲಿಗೆ ಬಂದ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಟ್ಟದ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡು ಮುಗಿದು ಹುಲ್ಲುಗಾವಲು ಸಿಕ್ಕುವವರೆಗೂ ಜಿಗಣೆ ಕಾಟ ಇದ್ದೇ ಇರುತ್ತದೆ. ಉದ್ದನೆಯ ಕಾಲುಚೀಲ ಹಾಕಿಕೊಂಡು, ಅದರ ಮೇಲೆ ಹೊಗೆಸೊಪ್ಪಿನ ಪುಡಿಗೆ ಸುಣ್ಣ ಬೆರೆಸಿ ಸವರಿಕೊಳ್ಳಲಿ. ಕಚ್ಚಿದರೆ ಕಿತ್ತೆಳೆಯಬಾರದು, ಉಗುರಿನಿಂದ ಮೆಲ್ಲಗೆ ಜಾರಿಸಬೇಕು. ಮೇಲೆ ಮಂಜು ಸರಿದರೆ, ಆಕಾಶ ತಿಳಿಯಾಗಿದ್ದರೆ, ಪಶ್ಚಿಮಕ್ಕೆ ಸಮುದ್ರದ ಗೆರೆ ಕಾಣುತ್ತದೆ. ಕಡಲ ದಂಡೆಯಲ್ಲಿ ಬೆಳೆದವರಿಗೆ ತಮ್ಮ ಕಡಲನ್ನು ಬೆಟ್ಟದ ತುದಿಯಿಂದ ತೋರಿಸುವುದು ನನಗೆ ಬಹಳ ಇಷ್ಟ.

ಭಾನುವಾರದ ರಾಫ್ಟಿಂಗಿಗೆ ಕಾವೇರಿ ದಡದ ದುಬಾರೆ ಸಾಕು. ರಭಸ ಬೇಕೆನ್ನುವವರು ದಕ್ಷಿಣ ಕೊಡಗಿನ ಬರಪೊಳೆಗೆ ಹೋಗುತ್ತಾರೆ, ಆದರೆ ಆ ಹೊಳೆಗೆ ಮೈ ತುಂಬುವುದು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಾತ್ರ. ಇನ್ನು ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ: ನೀರಿಗೆ ಇಳಿಯುವ ದಿನ ಒಂದು ಗುಟುಕೂ ಕುಡಿಯಕೂಡದು. ಹೋದ ವರ್ಷ ನಮ್ಮ ಮನೆಗೆ ಬಂದಿದ್ದವರಲ್ಲಿ ಇಬ್ಬರು ಕುಡಿದುಕೊಂಡೇ ಹೊಳೆಯ ದಡಕ್ಕೆ ಹೋಗಿದ್ದರು. ದೋಣಿಯ ಹುಡುಗ ಅವರನ್ನು ಹತ್ತಿಸಲಿಲ್ಲ. ಅವರು ಕೂಗಾಡಿದರು. ಆ ಹುಡುಗ ಮಾಡಿದ್ದೇ ಸರಿ, ಅವನ ಕೈಯಲ್ಲಿ ಉಳಿದ ಆರು ಜನರ ಜೀವವೂ ಇತ್ತು.

ಅವರು ಕುಡಿದಿದ್ದದ್ದು ದಾರಿ ಬದಿಯಲ್ಲಿ ಕೊಂಡ ವೈನ್. 'ಮನೆಯಲ್ಲೇ ಮಾಡಿದ್ದು' ಎಂದು ಚೀಟಿ ಅಂಟಿಸಿದ ಬಾಟಲಿಗಳು ಎಷ್ಟೋ ಕಡೆ ಸಿಗುತ್ತವೆ. ಬಣ್ಣ ಯಾವುದರದು, ಒಳಗೆ ಏನು ಬೆರೆತಿದೆ, ಯಾರಿಗೂ ತಿಳಿಯದು. ಪರವಾನಗಿ ಇಲ್ಲದೆ ಮಾರುವುದು ಅಬಕಾರಿ ಕಾನೂನಿಗೂ ವಿರುದ್ಧ. ಕೊಳ್ಳುವುದಾದರೆ ಪರವಾನಗಿ ಇರುವ ಅಂಗಡಿಯಲ್ಲಿ ಬಿಲ್ ಕೇಳಿ ಪಡೆದು ಕೊಳ್ಳಲಿ.

ಶನಿವಾರ ರಾತ್ರಿ ಊಟಕ್ಕೆ ಎಲ್ಲರೂ ನಮ್ಮ ಮನೆಗೇ ಬರಲಿ. ನಿನ್ನ ಅಜ್ಜಿಯ ಕಾಲದ ಚೀನಿ ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ನಿನ್ನೆಯೇ ಬಿಸಿಲಿಗೆ ಇಟ್ಟಿದ್ದೇನೆ. ಒಂದು ಹನಿ ನೀರು ಉಳಿದರೂ ಕೆಡುತ್ತದೆ. ದ್ರಾಕ್ಷಿ ಹಿಸುಕಿ, ಕಾಯಿಸಿ ಆರಿಸಿದ ನೀರು, ಸಕ್ಕರೆ, ಒಂದು ಹಿಡಿ ಗೋಧಿ, ಚಿಟಿಕೆ ಯೀಸ್ಟ್ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತೇನೆ. ಬಿಗಿಯಾಗಿ ಮುಚ್ಚಳ ಹಾಕಿದರೆ ಒಳಗಿನ ಅನಿಲಕ್ಕೆ ಭರಣಿಯೇ ಒಡೆದೀತು. ಮೂರನೆಯ ದಿನ ಕಿವಿ ಇಟ್ಟರೆ ಒಳಗೆ ಸಣ್ಣಗೆ ಗುಳುಗುಳು ಸದ್ದು ಕೇಳಿಸುತ್ತದೆ. ಚಿಕ್ಕವಳಿದ್ದಾಗ ನೀನು ಅದಕ್ಕೆ ಕಿವಿ ಇಟ್ಟು ಅಡುಗೆಮನೆಯ ನೆಲದ ಮೇಲೆಯೇ ನಿದ್ದೆ ಹೋಗಿದ್ದೆ. ದಿನಕ್ಕೊಮ್ಮೆ ಮರದ ಸೌಟಿನಿಂದ ಕೈಯಾಡಿಸಿ, ಇಪ್ಪತ್ತೊಂದನೆಯ ದಿನ ಸೋಸಿ, ಗಸಿ ಇಳಿಯಲು ಬಿಡಬೇಕು. ಅವರು ಬರುವ ವೇಳೆಗೆ ತಿಳಿಯಾಗಿರುತ್ತದೆ. ಒಬ್ಬರಿಗೆ ಒಂದೊಂದು ಸಣ್ಣ ಲೋಟ, ಅಷ್ಟೇ. ಇದು ಕಾಸು ಕೊಟ್ಟು ಕುಡಿಯುವುದಲ್ಲ, ಮನೆಗೆ ಬಂದವರ ಕೈಗೆ ಪ್ರೀತಿಯಿಂದ ಕೊಡುವುದು.

ದಿನ ಗೊತ್ತು ಮಾಡುವಾಗ ದಸರಾ ಮತ್ತು ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣವನ್ನು ಪಂಚಾಂಗದಲ್ಲಿ ನೋಡಿಕೋ. ಆ ದಿನಗಳಲ್ಲಿ ಮಡಿಕೇರಿಯಲ್ಲೂ ಭಾಗಮಂಡಲದಲ್ಲೂ ಕೋಣೆ ಸಿಗುವುದಿಲ್ಲ, ರಸ್ತೆ ತುಂಬ ಯಾತ್ರಿಕರು. ಎಂಟು ಜನರಲ್ಲಿ ಸಸ್ಯಾಹಾರಿಗಳು ಎಷ್ಟು ಎಂದು ಈ ಭಾನುವಾರದೊಳಗೆ ತಿಳಿಸು. ಅಕ್ಕಿತರಿಯ ಉಂಡೆ ಕಡಂಬುಟ್ಟು ಎಲ್ಲರಿಗೂ ಆಗುತ್ತದೆ, ಜೊತೆಗೆ ಹಂದಿ ಮಾಂಸದ ಪಂದಿ ಕರಿ ಎಷ್ಟು ಜನರಿಗೆ, ಅಣಬೆ ಎಷ್ಟು ಜನರಿಗೆ ಎಂದು ನನಗೆ ಲೆಕ್ಕ ಬೇಕು.