ಮಾರಿಸನ್ಸ್ ಜಿಗ್: ಮೂಲ ಧ್ವನಿಮುದ್ರಣ, ನಂಬಬಹುದಾದ ನೊಟೇಶನ್ ಎಲ್ಲಿ ಸಿಗುತ್ತದೆ?

ಪಿಟೀಲು_ಕಲಿಕೆ: ಐರಿಶ್ 'ಮಾರಿಸನ್ಸ್ ಜಿಗ್'ನ (ಜಿಗ್ ಅಂದರೆ ಮೂರರ ನಡೆಯ ಕುಣಿತದ ಮಟ್ಟು) ಮೂಲ ಹುಡುಕುತ್ತಿದ್ದೇನೆ. ಸಿಕ್ಕ ಎರಡು ಎಬಿಸಿ (ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವ ಪದ್ಧತಿ) ನೊಟೇಶನ್‌ಗಳಲ್ಲಿ ಒಂದರಲ್ಲಿ ಸಿ ಶಾರ್ಪ್ ಇದೆ, ಇನ್ನೊಂದರಲ್ಲಿ ಸಿ ನ್ಯಾಚುರಲ್. ಐರಿಶ್ ಮಟ್ಟುಗಳನ್ನು ಕೂಡಿಸಿದ ಓನೀಲ್ ಸಂಗ್ರಹದ ಸೂಚಿಯಲ್ಲಿ ಈ ಹೆಸರೇ ಇಲ್ಲ. ಹಳೆಯ 78 ಆರ್‌ಪಿಎಂ ತಟ್ಟೆಯ ಡಿಜಿಟಲ್ ಪ್ರತಿಯೊಂದಿದೆ, ಅದು ಇ ಬದಲು ಎಫ್ ಶ್ರುತಿಯಲ್ಲಿ ಕೇಳಿಸುತ್ತದೆ. ಯಾವುದನ್ನು ನಂಬಬೇಕು?

ಕಮಾನು: ಓನೀಲ್‌ನಲ್ಲಿ ಆ ಹೆಸರು ಇರಲು ಸಾಧ್ಯವೇ ಇಲ್ಲ. ಆತನ ದೊಡ್ಡ ಸಂಗ್ರಹ ಬಂದದ್ದು 1903ರಲ್ಲಿ (1850 ಮಟ್ಟುಗಳು), 'ಡಾನ್ಸ್ ಮ್ಯೂಸಿಕ್ ಆಫ್ ಐರ್ಲೆಂಡ್' 1907ರಲ್ಲಿ (1001). ಈ ಹೆಸರಿಗೆ ಕಾರಣರಾದ ಪಿಟೀಲು ವಾದಕ, ಐರ್ಲೆಂಡಿನ ಸ್ಲೈಗೊ ಜಿಲ್ಲೆಯ ಜೇಮ್ಸ್ ಮಾರಿಸನ್ ಹುಟ್ಟಿದ್ದೇ 1893ರಲ್ಲಿ. ಈ ಜಿಗ್ ಅವರಿಗೆ ಬಂದದ್ದು ಕೆರ್ರಿಯ ಅಕಾರ್ಡಿಯನ್ ವಾದಕ ಟಾಮ್ ಕಾರ್ಮೊಡಿಯಿಂದ. 1936ರಲ್ಲಿ ಅದನ್ನು ರೆಕಾರ್ಡ್ ಮಾಡಿದಾಗ ಇಟ್ಟ ಹೆಸರು 'ಮಾರಿಸ್ ಕಾರ್ಮೊಡೀಸ್ ಫೇವರಿಟ್'. 'ದಿ ಸ್ಟಿಕ್ ಅಕ್ರಾಸ್ ದಿ ಹಾಬ್' ಅಂತಲೂ ಕರೆಯುತ್ತಾರೆ. ಮೂರೂ ಹೆಸರು ಹಾಕಿ ಹುಡುಕಿ.

ಹೆಸರಿಗಿಂತ ಮ್ಯಾಟ್ರಿಕ್ಸ್ ನಂಬರ್ (ಆ ಧ್ವನಿಮುದ್ರಣಕ್ಕೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ) ಗಟ್ಟಿ ಆಧಾರ. ತಟ್ಟೆಯ ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಅದನ್ನು ಕೊರೆದಿರುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯ ಅಮೆರಿಕನ್ ರೆಕಾರ್ಡಿಂಗ್ ಡೇಟಾಬೇಸ್‌ನಲ್ಲಿ ಆ ನಂಬರ್ ಕೊಟ್ಟು ನೋಡಿ. ಡಬ್ಲಿನ್ನಿನ ಐರಿಶ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್ ತಾಣವನ್ನೂ ಬಿಡಬೇಡಿ, ಹಳೆಯ ರೆಕಾರ್ಡ್‌ಗಳೂ ಮುದ್ರಿತ ಸಂಗ್ರಹಗಳೂ ಅಲ್ಲಿವೆ.

ಅರಗಿನ_ತಟ್ಟೆ: ಎಫ್ ವಿಷಯ: ಅರ್ಧ ಸ್ವರ ಏರಬೇಕಾದರೆ ವೇಗ ಸುಮಾರು 6% ಹೆಚ್ಚಬೇಕು. ಅಂದರೆ 78ರ ಬದಲು 83ರ ಹತ್ತಿರ ತಿರುಗಿದೆ. ಆದರೆ ಹಾಗಂತ ತಕ್ಷಣ ತೀರ್ಮಾನಿಸಬೇಡಿ, ವಾದಕರು ತಂತಿಯನ್ನೇ ಅರ್ಧ ಸ್ವರ ಏರಿಸಿಕೊಳ್ಳುವುದೂ ಉಂಟು. ಎರಡನೇ ಭಾಗ ಕೇಳಿ. ಅಲ್ಲಿ ಮೇಲಿನ ಇ ಮತ್ತೆ ಮತ್ತೆ ಬರುತ್ತದೆ, ಬೆರಳೊತ್ತದೆ ಬಿಟ್ಟ ತಂತಿಯ ಝೇಂಕಾರ ಸ್ಪಷ್ಟ. ಆ ಬಿಟ್ಟ ತಂತಿ ಎಫ್ ಆಗಿ ಕೇಳಿಸಿದರೆ ತಟ್ಟೆ ವೇಗವಾಗಿ ಓಡಿರಬಹುದು, ಇಲ್ಲವೇ ತಂತಿಯನ್ನೇ ಏರಿಸಿರಬಹುದು. ಪಕ್ಕವಾದ್ಯದ ಪಿಯಾನೋ ಅದರ ಜೊತೆ ಶ್ರುತಿಗೆ ಕೂಡಿದ್ದರೂ ಅಷ್ಟರಿಂದಲೇ ಹೇಳಲಾಗದು, ಪಿಯಾನೋ ವಾದಕರು ಅರ್ಧ ಸ್ವರ ಮೇಲಿನ ಶ್ರುತಿಯಲ್ಲೇ ನುಡಿಸಬಹುದು.

ವೇಗವೇ ಕಾರಣ ಅನ್ನಿಸಿದರೆ ಸರಿಪಡಿಸಲು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಸ್ಪೀಡ್ ಬದಲಾಯಿಸುವ ಎಫೆಕ್ಟ್ ತೆಗೆದು −5.6% ಕೊಡಿ. ಟೆಂಪೊ ಎಫೆಕ್ಟ್ ಬೇಡ, ಅದರಲ್ಲಿ ಶ್ರುತಿ ಇದ್ದಲ್ಲೇ ಇರುತ್ತದೆ.

ಇನ್ನೊಂದು ಮಾತು. ತಟ್ಟೆಯ ಒಂದು ಬದಿಗೆ ಹಿಡಿಸುವುದು ಮೂರು ನಿಮಿಷದ ಆಸುಪಾಸು. ಎರಡೂ ಭಾಗ ಎರಡೆರಡು ಸಲ ಬಂದರೆ 32 ಬಾರ್ (ತಾಳದ ಆವರ್ತದಂಥ ಅಳತೆ), ಒಂದೊಂದು ಬಾರ್‌ಗೆ ಎರಡು ಪೆಟ್ಟು. ನಿಮಿಷಕ್ಕೆ 120 ಪೆಟ್ಟಿನಲ್ಲಿ ಒಂದು ಸುತ್ತಿಗೆ 32 ಸೆಕೆಂಡು. ಹಾಗಾಗಿ ಎರಡು ಮಟ್ಟುಗಳನ್ನು ಜೋಡಿಸಿ ನುಡಿಸುವುದು ವಾಡಿಕೆ, ನಿಮಗೆ ಬೇಕಾದ್ದು ನಡುವಿನಿಂದಲೂ ಶುರುವಾಗಬಹುದು. ಪೂರ್ತಿ ಕೇಳಿ.

ಪಿಟೀಲು_ಕಲಿಕೆ: ಪಿಯಾನೋ ಇದೆ, ಶ್ರುತಿಗೂ ಕೂಡಿದೆ. ಆದರೂ ವೇಗದ್ದೇ ತೊಂದರೆ ಇರಬಹುದು ಅನ್ನಿಸುತ್ತದೆ. ಶುರುವಿನ ಇ ಒಂದು ಕಡೆ ಉದ್ದ ಸ್ವರ, ಇನ್ನೊಂದು ಕಡೆ ಮೂರು ಸ್ವರ. ಯಾವುದು ಸರಿ?

ತಿಸ್ರಗತಿ: ಎರಡೂ ಸರಿ. ಆ ಜಾಗದಲ್ಲಿ ರೋಲ್ ಬರುತ್ತದೆ: ಮುಖ್ಯ ಸ್ವರ, ಮೇಲಿನದರ ಸ್ಪರ್ಶ, ಮತ್ತೆ ಮುಖ್ಯ, ಕೆಳಗಿನದರ ಸ್ಪರ್ಶ, ಮತ್ತೆ ಮುಖ್ಯ. ಒಬ್ಬರು ಅದನ್ನು ಉದ್ದ ಸ್ವರವಾಗಿ ಬರೆಯುತ್ತಾರೆ, ಇನ್ನೊಬ್ಬರು ಬಿಡಿಸಿ ಬರೆಯುತ್ತಾರೆ. ಮೊದಲ ಬಾರ್ ಟೈಪ್ ಮಾಡಿ ಹುಡುಕಿದರೆ ಸಿಗದಿರುವುದಕ್ಕೆ ಇದೇ ಕಾರಣ. ಎರಡನೇ ಭಾಗದ ಬಿ-ಇ-ಇ, ಎಫ್-ಇ-ಇ ಕೊಟ್ಟು ಹುಡುಕಿ, ಅದು ಅಷ್ಟಾಗಿ ಬದಲಾಗುವುದಿಲ್ಲ.

ಸಿ ಶಾರ್ಪ್ ಪ್ರತಿಯನ್ನೇ ಇಟ್ಟುಕೊಳ್ಳಿ. ಮಟ್ಟು ಇ ಡೋರಿಯನ್ ಎಂಬ ಸ್ವರಶ್ರೇಣಿಯಲ್ಲಿದೆ, ಎಫ್ ಮತ್ತು ಸಿ ಎರಡೂ ಶಾರ್ಪ್. ಇ ಅನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯದ ಸ್ವರಸ್ಥಾನಗಳು, ಸಿ ಶಾರ್ಪ್ ಚತುಶ್ರುತಿ ಧೈವತ. ಎಬಿಸಿಯಲ್ಲಿ ಸ್ವರಶ್ರೇಣಿ ಸೂಚಿಸುವ ಕೀ ಸಾಲಿನಲ್ಲಿ ಡೋರಿಯನ್ ಬದಲು ಇ ಮೈನರ್ ಎಂದು ಹಾಕಿದರೆ ಒಂದೇ ಶಾರ್ಪ್ ಉಳಿದು ಸಿ ನ್ಯಾಚುರಲ್ ಆಗಿಬಿಡುತ್ತದೆ. ತಪ್ಪು ಹುಟ್ಟುವುದು ಸಾಮಾನ್ಯವಾಗಿ ಆ ಒಂದು ಸಾಲಿನಲ್ಲಿ.

ಐರಿಶ್ ಮಟ್ಟುಗಳ ನೊಟೇಶನ್ ಇರುವ ದಿ ಸೆಷನ್ ತಾಣದಲ್ಲಿ ಮೊದಲು ಕಾಣುವ ಪಾಠ (ಆವೃತ್ತಿ) ಮೊದಲು ಹಾಕಿದ್ದು ಅಷ್ಟೆ, ಪ್ರಮಾಣವಲ್ಲ. ಕೆಳಗಿನ ಪಾಠಗಳನ್ನೂ ಕಾಮೆಂಟುಗಳನ್ನೂ ಓದಿ. ಆಮೇಲೆ ವೇಗ ಸರಿಪಡಿಸಿದ ಫೈಲನ್ನು ಟೆಂಪೊ ಎಫೆಕ್ಟ್‌ನಲ್ಲಿ ಅರ್ಧಕ್ಕಿಳಿಸಿ ನೀವೇ ಬರೆದುಕೊಳ್ಳಿ. ಪ್ರತಿ ಸುತ್ತನ್ನೂ ಒಂದರ ಕೆಳಗೊಂದು ಬರೆಯಿರಿ, ಯಾಕೆಂದರೆ ಈ ವಾದಕರು ಮರಳಿ ಬಂದಾಗ ಸಣ್ಣಪುಟ್ಟದ್ದು ಬದಲಿಸುತ್ತಾರೆ. ಮೂರರ ಗುಂಪಿನಲ್ಲಿ ಮೊದಲ ಸ್ವರ ತುಸು ಉದ್ದ, ನಡುವಿನದು ಗಿಡ್ಡ. ಅದಕ್ಕೆ ಚುಕ್ಕೆ ಹಾಕಿ ಬರೆಯಲು ಹೋಗಬೇಡಿ, ಸಮವಾಗಿ ಮೂರು ಎಂಟನೇ ಸ್ವರ ಬರೆದು ಎಳೆತವನ್ನು ಕೇಳಿಯೇ ಹಿಡಿಯಿರಿ.