ಕಟಪಾಡಿಯಲ್ಲಿ ಹೊಸ ಮನೆ: ಅಜ್ಜಿಯ ಕೋಣೆ ಹಿಂದೆಯಾ, ಮುಂದೆಯಾ?

ಕಟಪಾಡಿ ಸೊಸೆ

ನಮಸ್ಕಾರ. ಹಳೇ ಹಂಚಿನ ಮನೆ ಕೆಡವಿ ಅದೇ ಜಾಗದಲ್ಲಿ ಹೊಸತು ಕಟ್ಟಲಿಕ್ಕೆ ಹೊರಟಿದ್ದೇವೆ. ಜಾಗ 12 ಸೆಂಟ್ಸ್. ರಸ್ತೆ ಪಶ್ಚಿಮಕ್ಕೆ, ಬಾವಿ ಹಿಂದೆ ಈಶಾನ್ಯದಲ್ಲಿ. ಮನೆಯಲ್ಲಿ ಗಂಡನ ಅಜ್ಜಿ (86 ವರ್ಷ), ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ಮೈದುನ ಮಸ್ಕತ್‌ನಲ್ಲಿ, ರಜೆಗೆ ಬಂದರೆ ಮತ್ತೆ ಮೂರು ಜನ.

ಪ್ಲ್ಯಾನ್ ಬಂದಿದೆ. ಕೆಳಗೆ ಮುಂದಿನ ನೈಋತ್ಯದ ಕೋಣೆ ಅತ್ತೆ ಮಾವನಿಗೆ. ಅಜ್ಜಿಯದ್ದು ಹಿಂದೆ, ಅಡುಗೆಕೋಣೆಯ ಆಚೆ, ಬಾವಿ ಕಡೆ. "ವಯಸ್ಸಾದವರಿಗೆ ಗಲಾಟೆ ಆಗಬಾರದು" ಅಂತ ಇಂಜಿನಿಯರ್ ವಾದ. ಮಾವನೂ ತಲೆ ಆಡಿಸಿದ್ದಾರೆ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಅಜ್ಜಿಗೆ ಬೇಕಾದದ್ದೇ ಗಲಾಟೆ ಮಾರಾಯ್ರೆ! ಬೆಳಿಗ್ಗೆ ಚಾ ಕುಡಿದು ಜಗಲಿಯಲ್ಲಿ ಕೂತರೆ ಊಟಕ್ಕೇ ಏಳುವುದು. ಮೀನಿನವರು ಬಂದರೆ ಬೂತಾಯಿಗೆ ಚೌಕಾಸಿ ಮಾಡುವುದು ಅವರೇ. ಯಾರ ಮನೆಗೆ ಯಾವ ರಿಕ್ಷಾ ಹೋಯಿತು ಅಂತ ನನಗೆ ಗೊತ್ತಾಗುವುದೂ ಅವರಿಂದಲೇ. ಹಿಂದಿನ ಕೋಣೆಯಲ್ಲಿ ಅವರು ನೋಡುವುದು ಎಂತ, ಬಾವಿಯ ರಾಟೆಯಾ? "ಬೇಕಾದಾಗ ವೀಲ್‌ಚೇರ್‌ನಲ್ಲಿ ಮುಂದೆ ಕರೆದುಕೊಂಡು ಬಂದರಾಯಿತು" ಅಂತಾರೆ. ಕರೆದುಕೊಂಡು ಬರುವವಳು ನಾನೇ ಅಲ್ವಾ.

ಇನ್ನೆರಡು ಸಣ್ಣ ವಿಷಯ. ಅಡುಗೆಕೋಣೆ ಒಂದು ಸಾಕಾ, ಮೇಲೆ ಇನ್ನೊಂದು ಬೇಕಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಏಳು ಜನರ ಬಟ್ಟೆ ಒಣಗಿಸುವುದು ಎಲ್ಲಿ? ಪ್ಲ್ಯಾನ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ.

ಸುರತ್ಕಲ್ ಸೈಟ್

ನಾನು ಸೈಟ್ ಸೂಪರ್‌ವೈಸರ್. ನಿಮ್ಮದೇ ಸರಿ, ಅಜ್ಜಿ ಮುಂದೆ ಬರಲಿ. ಅದಕ್ಕೆ ನೀವು ಹೇಳದ ಕಾರಣವೂ ಒಂದುಂಟು. ಹಿಂದಿನ ಕೋಣೆಗೆ ಅಟ್ಯಾಚ್ಡ್ ಬಾತ್‌ರೂಂ ಅಂದರೆ ಅದು ಬಾವಿಯ ಪಕ್ಕ. ಶೌಚದ ಗುಂಡಿ ಬಾವಿಯಿಂದ 50 ಅಡಿಯಾದರೂ ದೂರ ಇರಬೇಕು. ಬಾವಿ ಈಶಾನ್ಯದಲ್ಲಿ ಇರುವಾಗ ಗುಂಡಿ ಹೇಗೂ ಮುಂದಿನ ಅಂಗಳಕ್ಕೇ ಬರುತ್ತದೆ. ಬಾತ್‌ರೂಂ ಮುಂದೆ ಇದ್ದರೆ ಪೈಪ್ ಕಮ್ಮಿ, ಮನೆ ಅಡಿಯಲ್ಲಿ ಹಾಯಿಸುವ ತಾಪತ್ರಯವೂ ಇಲ್ಲ.

ಬಾತ್‌ರೂಂ ಬಾಗಿಲು 3 ಅಡಿ ಅಗಲ ಇಡಿ, ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ದೂಡಿ ತೆಗೆಯಲಿಕ್ಕೆ ಆಗುವುದಿಲ್ಲ. ಹೊಸ್ತಿಲು ಬೇಡ. ವೀಲ್‌ಚೇರ್ ತಿರುಗಿಸಲಿಕ್ಕೆ 5 ಅಡಿಗೆ 5 ಅಡಿ ಖಾಲಿ ಜಾಗ ಬೇಕು. ಹಿಡಿಕೆಯನ್ನು ಈಗಲೇ ಹಾಕಬೇಕಂತಿಲ್ಲ, ಆದರೆ ಹಾಕುವ ಕಡೆ ಗೋಡೆ ಗಟ್ಟಿ ಇರಲಿ.

ಎಲ್ಲರೂ ಮರೆಯುವುದು ರ‍್ಯಾಂಪ್. ನಮ್ಮಲ್ಲಿ ಮಳೆಗೆ ಹೆದರಿ ಪಂಚಾಂಗ, ಅಂದರೆ ಮನೆಯ ತಳಪಾಯ, 2 ಅಡಿ ಎತ್ತರಿಸುತ್ತಾರೆ. 1 ಅಡಿ ಏರಲಿಕ್ಕೆ 12 ಅಡಿ ಉದ್ದ ಅಂತ ಲೆಕ್ಕ. ಅಂದರೆ 24 ಅಡಿ. ಆಮೇಲೆ ನೋಡುವ ಅಂದರೆ ಜಾಗ ಸಿಗುವುದಿಲ್ಲ. ಕಾರ್ ಪೋರ್ಚ್ ಪಕ್ಕದಲ್ಲಿ ಈಗಲೇ ಗುರುತು ಹಾಕಿಸಿ.

ಪಶ್ಚಿಮದ ಮಳೆ ನೇರ ಮುಖಕ್ಕೆ ಹೊಡೆಯುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಬೀಳುವ ಊರು ಇದು. ಸಿಟ್‌ಔಟ್ (ಮುಂದಿನ ಜಗಲಿ) 8 ಅಡಿ ಒಳಕ್ಕೆ ಇಲ್ಲದಿದ್ದರೆ ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಜ್ಜಿಯ ಕುರ್ಚಿ ಒದ್ದೆ.

ಮಲ್ಪೆ ಅಮ್ಮ

ಅಡುಗೆಕೋಣೆ ಒಂದೇ ಇರಲಿ ಮಗಾ, ಹಿಂದಿನ ವರ್ಕ್ ಏರಿಯಾ ದೊಡ್ಡದು ಮಾಡು. ಮೀನು ತೊಳೆಯುವುದು, ತೆಂಗಿನಕಾಯಿ ಸುಲಿಯುವುದು, ಕಡೆಯುವ ಕಲ್ಲು, ಕುಚ್ಚಲಕ್ಕಿ ಬೇಯಿಸುವ ಕಟ್ಟಿಗೆ ಒಲೆ ಎಲ್ಲ ಅಲ್ಲಿಗೆ. ಒಳಗಿನದ್ದು ಚಂದ ಕಾಣಲಿಕ್ಕೆ ಮಾತ್ರ, ನಮ್ಮ ಮನೆಯಲ್ಲೂ ಹಾಗೆಯೇ. ಮೇಲೆ ಒಂದು ಸಿಂಕ್, ಒಂದು ಇಂಡಕ್ಷನ್ ಸಾಕು. ರಾತ್ರಿ ಮಕ್ಕಳಿಗೆ ಹಾಲು ಬಿಸಿ ಮಾಡಲಿಕ್ಕೆ ಮೆಟ್ಟಿಲು ಇಳಿಯುವುದು ತಪ್ಪುತ್ತದೆ.

ಬಟ್ಟೆಗೆ ಟೆರೇಸ್ ಮೇಲೆ ಶೀಟ್ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಹಾಕು, ಮೇಲಿನ ಕೋಣೆಗಳಿಗೂ ತಂಪು. ಆದರೆ ನಿನ್ನ ಅತ್ತೆ ಅಲ್ಲಿಗೆ ಎಷ್ಟು ವರ್ಷ ಹತ್ತುತ್ತಾರೆ? ಪೂರ್ವದ ಗೋಡೆಗೆ ತಾಗಿ 6 ಅಡಿ ಅಗಲದ ಚಪ್ಪರ ಇಳಿಸಿ ಹಗ್ಗ ಕಟ್ಟು. ಮಳೆ ಆ ಕಡೆಯಿಂದ ಹೊಡೆಯುವುದು ಕಮ್ಮಿ.

ಮಾವನನ್ನು ಒಪ್ಪಿಸಲಿಕ್ಕೆ ವಾಸ್ತು ಹಿಡಿ. ನೈಋತ್ಯ ಮನೆಯ ಹಿರಿಯರಿಗೆ ಅಂತ ಅಲ್ವಾ? ಅವರ ಅಮ್ಮ ಇರುವಾಗ ಅವರು ಹೇಗೆ ಹಿರಿಯರಾಗುತ್ತಾರೆ, ಕೇಳು.

ಬಿಜೈ ಫ್ಲ್ಯಾಟ್

ಅಮ್ಮ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮೇಲೆ ಸರಿಯಾದ ಅಡುಗೆಕೋಣೆ, ಹೊರಗಿನಿಂದ ಬೇರೆ ಮೆಟ್ಟಿಲು ಇಡಿ. ನಾಳೆ ಮೈದುನ ಊರಿಗೇ ಬಂದರೆ? ಮಕ್ಕಳು ಹೊರಗೆ ಹೋಗಿ ಮೇಲೆ ಖಾಲಿ ಬಿದ್ದರೆ? ಬಾಡಿಗೆಗಾದರೂ ಕೊಡಬಹುದು. ಒಟ್ಟಿಗೆ ಇರುವವರಿಗೂ ಬಾಗಿಲು ಹಾಕಿಕೊಳ್ಳುವ ಜಾಗ ಬೇಕು.

ಕಟಪಾಡಿ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮ, ನಿಮ್ಮ ವಾಸ್ತು ಬಾಣ ತಾಗಿತು! ಮಾವ ಸ್ವಲ್ಪ ಹೊತ್ತು ಸುಮ್ನೆ ಕೂತು, "ಹಾಗಾದರೆ ನಮ್ಮ ಕೋಣೆ ಅಜ್ಜಿಯ ಪಕ್ಕದಲ್ಲೇ ಬರಲಿ, ರಾತ್ರಿ ಕರೆದರೆ ಕೇಳಬೇಕು" ಅಂದರು. ಈಗ ಹಿಂದಿನ ಕೋಣೆ ಮೈದುನನಿಗೆ. ಅವನಿಗೆ ಇನ್ನೂ ಹೇಳಿಲ್ಲ.

ಬಿಜೈಯವರೇ, ಹೊರಗಿನ ಮೆಟ್ಟಿಲು ಬೇಡ ಅಂತ ನಿರ್ಧಾರ ಮಾಡಿದೆವು. ಮಕ್ಕಳು ಶಾಲೆಯಿಂದ ಬಂದು ಅಜ್ಜಿಯ ಕಣ್ಣು ತಪ್ಪಿಸಿ ನೇರ ಮೇಲೆ ಹೋಗುವುದು ನನಗೆ ಇಷ್ಟ ಇಲ್ಲ. ಆದರೆ ಮೇಲೆ ನೀರಿನ ಪೈಪ್, ಹೊಗೆ ಕಿಂಡಿ ಈಗಲೇ ಬಿಡಿಸುತ್ತೇವೆ. ಅಡುಗೆಕೋಣೆ ಬೇಕು ಅಂದಾಗ ಮಾಡಿದರಾಯಿತು.

ಇನ್ನೊಂದು ಪ್ರಶ್ನೆ. ಹೊರಗೆ ತೆರೆದರೆ ಬಾತ್‌ರೂಂ ಬಾಗಿಲು ಅಜ್ಜಿಯ ಮಂಚಕ್ಕೆ ತಾಗುತ್ತದೆ. ಸ್ಲೈಡಿಂಗ್ ಹಾಕಬಹುದಾ? ಇಲ್ಲಿ ಉಪ್ಪುಗಾಳಿ ಜಾಸ್ತಿ.

ಸುರತ್ಕಲ್ ಸೈಟ್

ಹಾಕಬಹುದು. ಕೆಳಗೆ ಟ್ರ್ಯಾಕ್ ಬೇಡ, ಮೇಲಿನಿಂದ ತೂಗುವುದು ತೆಗೆದುಕೊಳ್ಳಿ. ಚಕ್ರ, ಸ್ಕ್ರೂ ಎಲ್ಲ 316 ಗ್ರೇಡ್ ಸ್ಟೀಲ್ ಅಂತ ಕೇಳಿಯೇ ತನ್ನಿ. 304 ಸಮುದ್ರದ ಹತ್ತಿರ ಕಲೆ ಬೀಳುತ್ತದೆ. ಬಾಗಿಲು ಸರಿಯುವ ಗೋಡೆಯ ಮೇಲೆ ಸ್ವಿಚ್ ಬೋರ್ಡ್ ಬರದ ಹಾಗೆ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ.